ಮಧ್ಯಾಹ್ನದ ಯೂನಿಟ್‌ಗೂ ಸಂಜೆಯ ಯೂನಿಟ್‌ಗೂ ಒಂದೇ ಬೆಲೆಯೇ? ಕೇಂದ್ರ ವಿದ್ಯುತ್ ಸಚಿವರಿಗೆ ಕರಾವಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ವಿದ್ಯುತ್ ಸಚಿವರಿಗೆ, ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ (ಸಿಇಆರ್‌ಸಿ) ಹಾಗೂ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ (ಕೆಇಆರ್‌ಸಿ) ಅಧ್ಯಕ್ಷರಿಗೆ, ಮತ್ತು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಜನಪ್ರತಿನಿಧಿಗಳಿಗೆ,

ಪಡುಬಿದ್ರಿ ಪಕ್ಕದ ಎಲ್ಲೂರಿನಲ್ಲಿ ತಲಾ 600 ಮೆಗಾವಾಟ್‌ನ ಎರಡು ಘಟಕಗಳಿರುವ ಯುಪಿಸಿಎಲ್ ಉಷ್ಣ ವಿದ್ಯುತ್ ಸ್ಥಾವರ ಇದೆ. ಅದರ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಪಣಂಬೂರಿಗೆ ಬಂದಿಳಿಯುತ್ತದೆ. ಕುಂದಾಪುರದಿಂದ ಮೇಲೆ, ಘಟ್ಟದ ಬುಡದ ಹೊಸಂಗಡಿಯಲ್ಲಿ 460 ಮೆಗಾವಾಟ್‌ನ ವಾರಾಹಿ ಭೂಗರ್ಭ ವಿದ್ಯುದಾಗಾರವಿದೆ. ಘಟ್ಟ ಹತ್ತಿ ಪೂರ್ವಕ್ಕೆ ಹೋದರೆ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್. ಕಲ್ಲಿದ್ದಲು, ನೀರು, ಬಿಸಿಲು ಮೂರೂ ಸೇರುವುದು ಒಂದೇ ಗ್ರಿಡ್‌ಗೆ. ಯಾವುದು ಯಾವ ಹೊತ್ತಿನಲ್ಲಿ ಓಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಮಾತ್ರ ಆ ಹೊತ್ತಿನ ಬೆಲೆ ತೀರ್ಮಾನಿಸುತ್ತಿಲ್ಲ. ಇಪ್ಪತ್ತೈದು ವರ್ಷಗಳ ಅವಧಿಗೆ ಬರೆದಿಟ್ಟ ಖರೀದಿ ಒಪ್ಪಂದಗಳು ತೀರ್ಮಾನಿಸುತ್ತವೆ. ಇಂಗಾಲ ಕಡಿಮೆ ಉಗುಳುವ ವಿದ್ಯುತ್ತಿಗೆ ದೇಶ ಹಾಕಿಕೊಂಡ ಗುರಿಗಳಲ್ಲಿ ನಮಗೆ ತಕರಾರಿಲ್ಲ. ತಕರಾರು ಇರುವುದು ಆ ವಿದ್ಯುತ್ತನ್ನು ಕೊಳ್ಳುವ ಕ್ರಮದಲ್ಲಿ.

ದೇಶದ ವಿದ್ಯುತ್ತಿನಲ್ಲಿ ಎಕ್ಸ್‌ಚೇಂಜ್‌ಗಳ, ಅಂದರೆ ವಿದ್ಯುತ್ತನ್ನು ಹರಾಜಿನಲ್ಲಿ ಮಾರುವ ಮಾರುಕಟ್ಟೆಗಳ ಮೂಲಕ ಕೈ ಬದಲಾಗುವುದು ಹತ್ತನೇ ಒಂದು ಪಾಲಿನ ಆಸುಪಾಸು. ಅಲ್ಲಿ ದಿನವನ್ನು ಹದಿನೈದು ನಿಮಿಷಗಳ 96 ಬ್ಲಾಕ್‌ಗಳಾಗಿ ಕತ್ತರಿಸಿ, ಪ್ರತಿ ಬ್ಲಾಕ್‌ಗೂ ಬೇರೆ ದರ ಕಟ್ಟುತ್ತಾರೆ. 2020ರ ಜೂನ್ 1ರಿಂದ ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ರಿಯಲ್ ಟೈಮ್ ಮಾರುಕಟ್ಟೆಯೂ ಇದೆ. ಅಲ್ಲಿನ ದರಪಟ್ಟಿ ನೋಡಿದರೆ ಗ್ರಿಡ್‌ನ ಆರೋಗ್ಯ ತಿಳಿಯುತ್ತದೆ: ಬೇಸಿಗೆಯ ರಜಾದಿನದ ಮಧ್ಯಾಹ್ನ ಯೂನಿಟ್ ದರ ಪೈಸೆಗಳ ಲೆಕ್ಕಕ್ಕೆ ಇಳಿಯುತ್ತದೆ, ಅದೇ ದಿನ ಸಂಜೆ ಏಳರ ಮೇಲೆ ಹತ್ತು ರೂಪಾಯಿಯ ಮಿತಿಗೆ ತಾಗಿ ನಿಲ್ಲುವುದುಂಟು. 2023ರ ಏಪ್ರಿಲ್‌ನಿಂದ ಆ ಮಿತಿ ಹತ್ತು ರೂಪಾಯಿ. ದರ ಮಿತಿಗೆ ತಾಗಿದರೆ ಎಷ್ಟು ಕೇಳಿದರೂ ಪೂರ್ತಿ ಸಿಗುವುದಿಲ್ಲ, ಇದ್ದದ್ದನ್ನು ಕೇಳಿದವರಿಗೆಲ್ಲ ಪಾಲು ಹಾಕುತ್ತಾರೆ. ಉಳಿದ ಒಂಬತ್ತು ಪಾಲು ವಿದ್ಯುತ್ತಿಗೆ ಈ ಏರಿಳಿತದ ಗಾಳಿಯೂ ಸೋಕುವುದಿಲ್ಲ. ಮಲ್ಪೆ ದಕ್ಕೆಯಲ್ಲಿ ಬೆಳಗಿನ ಬಂಗುಡೆಯ ದರ ಮಧ್ಯಾಹ್ನಕ್ಕೆ ಇರುವುದಿಲ್ಲ ಎಂಬುದು ಮೀನು ಕೊಳ್ಳುವ ಎಲ್ಲರಿಗೂ ಗೊತ್ತು. ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳು ಮಾತ್ರ ಮಧ್ಯಾಹ್ನ ಹನ್ನೆರಡರ ಯೂನಿಟ್‌ಗೂ ಸಂಜೆ ಏಳೂವರೆಯ ಯೂನಿಟ್‌ಗೂ ಆಯಾ ಒಪ್ಪಂದದಲ್ಲಿ ಬರೆದ ಒಂದೇ ದರ ತೆರುತ್ತವೆ.

ಇದರಿಂದ ಆಗುವ ಕೆಡುಕನ್ನು ಯುಪಿಸಿಎಲ್ ಗಾತ್ರದ ಸ್ಥಾವರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಲೆಕ್ಕ ಹಾಕೋಣ. ಸಂಜೆಯ ಪೀಕ್‌ಗೆ, ಅಂದರೆ ಬೇಡಿಕೆ ತುದಿಗೇರುವ ಹೊತ್ತಿಗೆ, ಎರಡೂ ಘಟಕ ಬೇಕು ಎಂದಿಟ್ಟುಕೊಳ್ಳಿ. ಕಲ್ಲಿದ್ದಲ ಘಟಕವನ್ನು ಮಧ್ಯಾಹ್ನ ಆರಿಸಿ ಸಂಜೆ ಹಚ್ಚಲು ಬರುವುದಿಲ್ಲ. ತಣ್ಣಗಾದ ಬಾಯ್ಲರ್ ಮತ್ತೆ ಪೂರ್ತಿ ಹೊರೆಗೆ ಬರಲು ಹಲವು ಗಂಟೆ ಹಿಡಿಯುತ್ತದೆ, ಹಚ್ಚುವಾಗ ದುಬಾರಿ ಎಣ್ಣೆ ಸುಡಬೇಕು. ಹಾಗಾಗಿ ಮಧ್ಯಾಹ್ನವಿಡೀ ಘಟಕಗಳನ್ನು ಕನಿಷ್ಠ ಹೊರೆಯಲ್ಲಿ ಉರಿಸಿಡುತ್ತಾರೆ. ಆ ಕನಿಷ್ಠ ಶೇ. 55 ಆದರೆ ಎರಡು ಘಟಕ ಸೇರಿ 660 ಮೆಗಾವಾಟ್. ಬೇಡಿಕೆ ಕಡಿಮೆಯಿರುವ ದಿನ ಗ್ರಿಡ್‌ನಲ್ಲಿ ಅಷ್ಟು ಜಾಗ ಸೌರ ವಿದ್ಯುತ್ತಿಗೆ ತಪ್ಪಿತು. ಕನಿಷ್ಠವನ್ನು ಶೇ. 40ಕ್ಕೆ ಇಳಿಸಿದರೆ 480 ಮೆಗಾವಾಟ್ ಆಗುತ್ತದೆ. 180 ಮೆಗಾವಾಟ್ ಜಾಗ ತೆರವು. ದಿನಕ್ಕೆ ಆರು ಗಂಟೆ ಬಿಸಿಲೆಂದರೆ 10.8 ಲಕ್ಷ ಯೂನಿಟ್.

ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳು ಶೇ. 55ನ್ನು ಕಡ್ಡಾಯ ಮಾಡಿ, ಹಂತಹಂತವಾಗಿ ಶೇ. 40ಕ್ಕೆ ಇಳಿಯಲು ಹೇಳಿವೆ. ಹೇಳುವುದು ಸುಲಭ. ಶೇ. 55ರ ಕೆಳಗೆ ಹೋದಂತೆ ಕುಲುಮೆಯಲ್ಲಿ ಜ್ವಾಲೆ ಸ್ಥಿರವಾಗಿ ನಿಲ್ಲುವುದಿಲ್ಲ. ಕಲ್ಲಿದ್ದಲು ಅರೆಯುವ ಮಿಲ್‌ಗಳಲ್ಲಿ ಎರಡು ಮೂರರಿಂದಲೇ ಪುಡಿ ಕಲ್ಲಿದ್ದಲು ಊದಬೇಕಾಗುತ್ತದೆ, ಕಲ್ಲಿದ್ದಲು ತೇವವಾಗಿದ್ದರೆ ಎಣ್ಣೆಯ ಆಸರೆ ಕೊಡಬೇಕಾಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಕಲ್ಲಿದ್ದಲ ಯಾರ್ಡ್ ನೋಡಿದವರಿಗೆ ಈ ಮಾತು ಅರ್ಥವಾದೀತು. ದಿನಾ ಬಿಸಿ ಏರಿಳಿದರೆ ಸೂಪರ್‌ಹೀಟರ್ ಹೆಡರ್, ಟರ್ಬೈನ್ ರೋಟರ್‌ನಂಥ ದಪ್ಪ ಗೋಡೆಯ ಭಾಗಗಳು ಬೇಗ ದಣಿದು ಬಿರುಕು ಬಿಡುತ್ತವೆ, ಟ್ಯೂಬ್ ಸೋರಿಕೆ ಹೆಚ್ಚುತ್ತದೆ. ಒಂದು ಯೂನಿಟ್‌ಗೆ ಸುಡುವ ಕಲ್ಲಿದ್ದಲೂ ಏರುತ್ತದೆ. ಈ ಖರ್ಚಿಗೆಲ್ಲ ಪರಿಹಾರ ಕೊಡದೆ ಸ್ಥಾವರದವರು ತಾವಾಗಿ ಕೆಳಗಿಳಿಯುವುದಿಲ್ಲ. ಇಳಿಯದಿದ್ದರೂ ಅವರಿಗೆ ನಷ್ಟವಿಲ್ಲ.

ಏಕೆ ನಷ್ಟವಿಲ್ಲ? ದರ ಎರಡು ಭಾಗದಲ್ಲಿದೆ. ನಿಗದಿತ ಶುಲ್ಕ ಒಂದು, ಇಂಧನ ಶುಲ್ಕ ಇನ್ನೊಂದು. ಸ್ಥಾವರ ವರ್ಷದಲ್ಲಿ ಶೇ. 85ರಷ್ಟು ಲಭ್ಯವಿದ್ದರೆ, ಅಂದರೆ ಕೇಳಿದರೆ ಓಡಲು ಸಿದ್ಧವಿದ್ದರೆ, ಸಾಕು, ನಿಗದಿತ ಶುಲ್ಕ ಪೂರ್ತಿ ಸಂದಾಯ. ವಿದ್ಯುತ್ ತೆಗೆದುಕೊಂಡರೂ, ಬಿಟ್ಟರೂ. ಜುಲೈ ಮಳೆಯಲ್ಲಿ ಯಾರಿಗೂ ಬೇಡವಾದ ಲಭ್ಯತೆಗೂ ಏಪ್ರಿಲ್ ಸೆಕೆಯ ರಾತ್ರಿ ಎಂಟರ ಲಭ್ಯತೆಗೂ ತೂಕ ಒಂದೇ ಆದರೆ ಹೇಗೆ? ಸಿಇಆರ್‌ಸಿ 2019ರ ದರ ನಿಯಮಗಳಲ್ಲಿ ಹೆಚ್ಚು ಬೇಡಿಕೆಯ ಋತು, ದಿನದ ಪೀಕ್ ಗಂಟೆ ಎಂದು ಬೇರ್ಪಡಿಸಿ ಶುಲ್ಕ ವಸೂಲಿಯನ್ನು ಜೋಡಿಸಿತ್ತು. ಅದು ಸರಿಯಾದ ದಾರಿ. ಅದನ್ನು ರಾಜ್ಯ ಆಯೋಗಗಳ ವ್ಯಾಪ್ತಿಯ ಒಪ್ಪಂದಗಳಿಗೂ ವಿಸ್ತರಿಸಿ, ಪೀಕ್ ಗಂಟೆಗಳ ಪಾಲನ್ನು ಸ್ಥಾವರದವರಿಗೆ ನಾಟುವಷ್ಟು ದೊಡ್ಡದು ಮಾಡಬೇಕು. ನಿಗದಿತ ಶುಲ್ಕದ ಅರ್ಧವನ್ನು ಸಂಜೆಯ ನಾಲ್ಕು ಗಂಟೆಗಳ ಲಭ್ಯತೆಗೆ ಮತ್ತು ಶೇ. 40ರ ಹೊರೆಗೆ ಇಳಿಯುವ ಸಾಮರ್ಥ್ಯಕ್ಕೆ ಕಟ್ಟಿಹಾಕಿ ಎಂಬುದು ನಮ್ಮ ಕೋರಿಕೆ. ಮಿಲ್, ಬರ್ನರ್, ನಿಯಂತ್ರಣ ವ್ಯವಸ್ಥೆಯ ಮಾರ್ಪಾಡಿಗೆ ಹಣ ಹೊಂದಿಸುವ ಯೋಚನೆ ಆಗ ಸ್ಥಾವರದವರಿಗೇ ಹುಟ್ಟುತ್ತದೆ.

ಇನ್ನೊಂದು ಗಂಟು ಷೆಡ್ಯೂಲಿಂಗ್‌ನದು, ಅಂದರೆ ಯಾವ ಸ್ಥಾವರ ಯಾವಾಗ ಎಷ್ಟು ಓಡಬೇಕೆಂದು ಗೊತ್ತುಮಾಡುವುದರದು. ಪ್ರತಿ ರಾಜ್ಯವೂ ತನ್ನ ಒಪ್ಪಂದದ ಸ್ಥಾವರಗಳನ್ನು ತಾನೇ ಸಾಲು ಹಚ್ಚಿ ಓಡಿಸುತ್ತದೆ. ಪಕ್ಕದ ರಾಜ್ಯದಲ್ಲಿ ಅಗ್ಗದ ವಿದ್ಯುತ್ ಉಳಿದಿದ್ದರೂ ನಮ್ಮಲ್ಲಿ ದುಬಾರಿಯದು ಉರಿಯುತ್ತಿರಬಹುದು. ಅಂತರರಾಜ್ಯ ಸ್ಥಾವರಗಳ ಮಟ್ಟದಲ್ಲಿ ಇದನ್ನು ಸರಿಪಡಿಸಲು 2019ರ ಏಪ್ರಿಲ್‌ನಿಂದ ಎಸ್‌ಸಿಇಡಿ ಎಂಬ ವ್ಯವಸ್ಥೆ ನಡೆಯುತ್ತಿದೆ: ರಾಜ್ಯಗಳು ಕೊಟ್ಟ ಷೆಡ್ಯೂಲನ್ನು ರಾಷ್ಟ್ರೀಯ ಲೋಡ್ ಡಿಸ್ಪ್ಯಾಚ್ ಕೇಂದ್ರ ಮತ್ತೆ ಹೊಂದಿಸಿ, ದುಬಾರಿ ಘಟಕವನ್ನು ಇಳಿಸಿ ಅಗ್ಗದ್ದನ್ನು ಏರಿಸುತ್ತದೆ, ಉಳಿದ ಹಣ ಹಂಚಿಕೆಯಾಗುತ್ತದೆ. ರಾಯಚೂರು, ಬಳ್ಳಾರಿಯಂಥ ರಾಜ್ಯದೊಳಗಿನ ಸ್ಥಾವರಗಳು ಇರುವುದು ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ (ಎಸ್‌ಎಲ್‌ಡಿಸಿ) ಕೈಯಲ್ಲಿ. ಸಚಿವಾಲಯ 2021ರ ಜೂನ್‌ನಲ್ಲಿ ಎಂಬಿಇಡಿ ಎಂಬ ಚರ್ಚಾ ಪತ್ರ ತಂದು, ಇಡೀ ದೇಶದ ವಿದ್ಯುತ್ತನ್ನು ಒಂದೇ ಮಾರುಕಟ್ಟೆಯಲ್ಲಿ ಹಾಯಿಸುವ ಮಾತಾಡಿತು. ಹಲವು ರಾಜ್ಯಗಳು ಮುಖ ಸಿಂಡರಿಸಿದವು. ಅದರಲ್ಲಿ ರಾಜಕೀಯ ಎಷ್ಟೇ ಇರಲಿ, ಒಂದು ಅಂಜಿಕೆ ನಿಜವಾದದ್ದು: ಕೈಯಲ್ಲಿ ಓಡಾಡುವ ಹಣ.

ಎಸ್ಕಾಂ ಒಂದು ದಿನಕ್ಕೆ ಒಂದು ಕೋಟಿ ಯೂನಿಟ್ ಕೊಳ್ಳುತ್ತದೆ ಎನ್ನೋಣ. ಮಾರುಕಟ್ಟೆ ದರ ಐದು ರೂಪಾಯಿ. ಪೂರ್ತಿ ಮಾರುಕಟ್ಟೆಯಿಂದಲೇ ಕೊಳ್ಳಬೇಕೆಂದರೆ ಪ್ರತಿ ದಿನ ಐದು ಕೋಟಿ ರೂಪಾಯಿ ಮುಂಗಡ ಕಟ್ಟಬೇಕು. ತನ್ನ ಒಪ್ಪಂದದ ಸ್ಥಾವರ ಅದೇ ಮಾರುಕಟ್ಟೆಯಲ್ಲಿ ಮಾರಿ ಬಂದ ವ್ಯತ್ಯಾಸವನ್ನು ಆಮೇಲೆ ಮರಳಿ ಕೊಡುತ್ತದೆ ನಿಜ, ಆದರೆ ಈಗಿನ ಪದ್ಧತಿಯಲ್ಲಿ ಉತ್ಪಾದಕರ ಬಿಲ್ ತೀರಿಸಲು ತಿಂಗಳ ಮೇಲೆ ಕಾಲಾವಕಾಶ ಇರುತ್ತದೆ. ಸಬ್ಸಿಡಿ ಬಾಕಿಯಲ್ಲೇ ಏದುಸಿರು ಬಿಡುವ ಕಂಪನಿಗಳಿಗೆ ಇದು ಉರುಳು. ಪರಿಹಾರ ಲೆಕ್ಕಪತ್ರದ್ದು: ಒಪ್ಪಂದವಿರುವ ಪ್ರಮಾಣವನ್ನು ಮಾರುಕಟ್ಟೆಯ ಲೆಕ್ಕ ಚುಕ್ತಾ ಮಾಡುವಾಗಲೇ (ಕ್ಲಿಯರಿಂಗ್) ವಜಾ ಮಾಡಿ, ಒಪ್ಪಂದಕ್ಕಿಂತ ಹೆಚ್ಚು ಕೊಂಡ ಇಲ್ಲವೇ ಕಡಿಮೆ ಕೊಂಡ ಯೂನಿಟ್‌ಗೆ ಮಾತ್ರ ನಗದು ಕಟ್ಟಿಸಿಕೊಳ್ಳಿ. ಆ ವ್ಯತ್ಯಾಸ ಶೇ. 10 ಎಂದರೆ ಐದು ಕೋಟಿಯ ಬದಲು 50 ಲಕ್ಷ. ಹೀಗೆ ಮಾಡಿದರೆ ಶರಾವತಿಯ ಅಗ್ಗದ ನೀರಿನ ಲಾಭ ಬೇರೆ ರಾಜ್ಯಕ್ಕೆ ಹೋಗಿಬಿಡುತ್ತದೆ ಎಂಬ ಬೆಂಗಳೂರಿನ ಭಯಕ್ಕೂ ಉತ್ತರ ಸಿಗುತ್ತದೆ. ಒಪ್ಪಂದದ ಹಣ ರಾಜ್ಯದಲ್ಲೇ ಉಳಿಯುತ್ತದೆ, ಬದಲಾಗುವುದು ಯಾವ ಟರ್ಬೈನ್ ಯಾವಾಗ ತಿರುಗುತ್ತದೆ ಎಂಬುದಷ್ಟೇ. ಮೂರು ಎಕ್ಸ್‌ಚೇಂಜ್‌ಗಳ ದರವನ್ನು ಒಂದುಗೂಡಿಸುವ ಮಾರ್ಕೆಟ್ ಕಪ್ಲಿಂಗ್ ಬಗ್ಗೆ 2025ರ ಜುಲೈನಲ್ಲಿ ಸಿಇಆರ್‌ಸಿ ಆದೇಶ ಬಂದಾಗ ದೊಡ್ಡ ಸುದ್ದಿಯಾಯಿತು. ಅದು ಎಕ್ಸ್‌ಚೇಂಜ್‌ಗಳ ನಡುವಿನ ಪೈಪೋಟಿಯ ವಿಷಯ. ಕಲ್ಲಿದ್ದಲು ಇಳಿಯುವುದೋ ಬಿಡುವುದೋ ಎಂಬುದಕ್ಕೂ ಅದಕ್ಕೂ ಸಂಬಂಧ ಅಲ್ಪ.

ಹೊಸ ಸೌರ, ಪವನ ಯೋಜನೆಗಳ ಕಡೆ ಬರೋಣ. ಟೆಂಡರ್ ಮುಗಿದು, ಗೆದ್ದವರು ಗೊತ್ತಾಗಿ, ಕೊಳ್ಳುವ ರಾಜ್ಯ ಸಿಗದೆ ಒಪ್ಪಂದವಾಗದೆ ನಿಂತ ಸಾಮರ್ಥ್ಯ 2025ರ ಹೊತ್ತಿಗೆ 40 ಸಾವಿರ ಮೆಗಾವಾಟ್ ದಾಟಿತ್ತು. ರಾಜ್ಯಗಳದ್ದು ಪೂರ್ತಿ ಹಟಮಾರಿತನ ಎನ್ನಲಾಗದು. ಮಧ್ಯಾಹ್ನ ಎಕ್ಸ್‌ಚೇಂಜ್‌ನಲ್ಲಿ ಅಗ್ಗಕ್ಕೆ ಬಿದ್ದಿರುವ ಯೂನಿಟ್‌ಗೆ ಇಪ್ಪತ್ತೈದು ವರ್ಷ ಎರಡೂವರೆ ರೂಪಾಯಿ ಕೊಡುತ್ತೇನೆಂದು ಸಹಿ ಹಾಕಲು ಯಾರಿಗೆ ಧೈರ್ಯ? ಸಹಿ ಹಾಕಿದವರೂ ಇಕ್ಕಟ್ಟಾದಾಗ ಸೌರ ಉತ್ಪಾದನೆಯನ್ನು ತಗ್ಗಿಸಿ (ಬ್ಯಾಕ್ ಡೌನ್), ಗ್ರಿಡ್ ಸುರಕ್ಷತೆ ಎಂದು ಕಾರಣ ಬರೆಯುತ್ತಾರೆ. ಆ ಕಾರಣವಿದ್ದರೆ 2021ರ ನಿಯಮಗಳ ಪ್ರಕಾರ ಪರಿಹಾರ ಕೊಡಬೇಕಿಲ್ಲ. ತಮಿಳುನಾಡಿನ ಪ್ರಕರಣವೊಂದರಲ್ಲಿ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ 2021ರ ಆಗಸ್ಟ್‌ನಲ್ಲಿ, ಹಣ ಉಳಿಸಲು ಮಾಡಿದ ಕಡಿತವನ್ನು ಗ್ರಿಡ್ ಸುರಕ್ಷತೆಯ ಲೆಕ್ಕಕ್ಕೆ ಹಾಕಿದ್ದನ್ನು ಒಪ್ಪದೆ, ಒಪ್ಪಂದ ದರದ ಶೇ. 75ರಷ್ಟು ಪರಿಹಾರಕ್ಕೆ ಆದೇಶಿಸಿತು. ಪ್ರತಿ ಸಲ ನ್ಯಾಯಮಂಡಳಿಗೆ ಹೋಗಿ ಗೆಲ್ಲುವ ವ್ಯವಹಾರಕ್ಕೆ ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸಾಲ ಕೊಡುವುದಿಲ್ಲ.

ಇದಕ್ಕೆ ವ್ಯತ್ಯಾಸ ಭರಿಸುವ ಒಪ್ಪಂದ, ಅಂದರೆ ಸಿಎಫ್‌ಡಿ, ಸರಿಹೋದೀತು ಎಂಬುದು ನಮ್ಮ ಅಭಿಪ್ರಾಯ. ಬ್ರಿಟನ್‌ನಲ್ಲಿ 2014ರಿಂದ ಇದು ಚಾಲ್ತಿಯಲ್ಲಿದೆ. ಹರಾಜಿನಲ್ಲಿ ಉತ್ಪಾದಕನಿಗೆ ಖಾತ್ರಿಯಾಗಿ ಸಿಗಬೇಕಾದ ದರ ಗೊತ್ತಾಗುತ್ತದೆ, ₹2.60 ಎನ್ನಿ. ಆತ ವಿದ್ಯುತ್ತನ್ನು ಮಾರುಕಟ್ಟೆಯಲ್ಲಿ ಮಾರುತ್ತಾನೆ. ಮಾರುಕಟ್ಟೆಯ ಉಲ್ಲೇಖ ದರ ₹2.10 ಆದರೆ ಐವತ್ತು ಪೈಸೆಯನ್ನು ನಿಧಿ ತುಂಬಿಕೊಡುತ್ತದೆ, ₹3.40 ಆದರೆ ಎಂಬತ್ತು ಪೈಸೆಯನ್ನು ಆತ ನಿಧಿಗೆ ಕಟ್ಟುತ್ತಾನೆ. ಯಾವ ರಾಜ್ಯವೂ ಯೂನಿಟ್‌ಗಳನ್ನು ಹೊತ್ತುಕೊಳ್ಳಬೇಕಿಲ್ಲ.

ಎಡವಟ್ಟಾಗುವುದು ಉಲ್ಲೇಖ ದರ ಹೇಗೆ ಕಟ್ಟುತ್ತೀರಿ ಎಂಬಲ್ಲಿ. ಬ್ಲಾಕ್ ಬ್ಲಾಕ್‌ಗೂ ವ್ಯತ್ಯಾಸ ತುಂಬಿಕೊಟ್ಟರೆ ಉತ್ಪಾದಕನಿಗೆ ಮಧ್ಯಾಹ್ನವಾದರೇನು, ಸಂಜೆಯಾದರೇನು? ಫಲಕಗಳನ್ನು ಪಶ್ಚಿಮಕ್ಕೆ ತಿರುಗಿಸುವ, ಬ್ಯಾಟರಿ ಕೂಡಿಸುವ ಗೋಜಿಗೆ ಆತ ಹೋಗುವುದಿಲ್ಲ. ಆದ್ದರಿಂದ ಉಲ್ಲೇಖ ದರ ಇಡೀ ತಿಂಗಳಲ್ಲಿ ದೇಶದ ಎಲ್ಲ ಸೌರ ಯೂನಿಟ್‌ಗಳು ಗಳಿಸಿದ ಸರಾಸರಿ ಆಗಿರಲಿ. ಸರಾಸರಿಗಿಂತ ಒಳ್ಳೆಯ ಹೊತ್ತಿಗೆ ಮಾರಿದವನಿಗೆ ಹೆಚ್ಚಿನದು ಉಳಿಯುತ್ತದೆ, ಕೆಟ್ಟ ಹೊತ್ತಿಗೆ ಸುರಿದವನಿಗೆ ಕೊರತೆ. ದರ ಸೊನ್ನೆಯಾದ ಬ್ಲಾಕ್‌ಗಳಿಗೆ ನಿಧಿಯಿಂದ ಏನೂ ಕೊಡಬೇಡಿ. ಬ್ರಿಟನ್ ಮೊದಲ ಸುತ್ತುಗಳಲ್ಲಿ ಈ ವಿಷಯದಲ್ಲಿ ಧಾರಾಳವಾಗಿತ್ತು, ನಾಲ್ಕನೇ ಸುತ್ತಿನ ಹೊತ್ತಿಗೆ ದರ ಸೊನ್ನೆಗಿಂತ ಕೆಳಗಿಳಿದ ಗಂಟೆಗಳಿಗೆ ಪಾವತಿ ನಿಲ್ಲಿಸಿತು. ನಾವು ಆ ಪಾಠವನ್ನು ದುಡ್ಡು ಕೊಟ್ಟು ಕಲಿಯಬೇಕಿಲ್ಲ.

ನಿಧಿಗೆ ಹಣ ಎಲ್ಲಿಂದ? 2010ರಲ್ಲಿ ಟನ್‌ಗೆ 50 ರೂಪಾಯಿಯಿಂದ ಶುರುವಾಗಿ 2016ರಲ್ಲಿ 400ಕ್ಕೆ ಏರಿದ ಕಲ್ಲಿದ್ದಲ ಸೆಸ್ ಇತ್ತು. ಯೂನಿಟ್‌ಗೆ ಸುಮಾರು 0.7 ಕಿಲೋ ಕಲ್ಲಿದ್ದಲು ಎಂದರೆ ಅದು 28 ಪೈಸೆ; ಇಂಗಾಲಕ್ಕೆ ಹಾಕಿದ ಬೆಲೆಯೇ. ಶುದ್ಧ ಇಂಧನಕ್ಕೆಂದು ಎತ್ತಿದ ಹಣ 2017ರ ನಂತರ ಜಿಎಸ್‌ಟಿ ಪರಿಹಾರದ ಖಾತೆಗೆ ಹರಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ಸನ್ನೇ ತೆಗೆದು, ಕಲ್ಲಿದ್ದಲ ಮೇಲಿನ ಜಿಎಸ್‌ಟಿಯನ್ನು ಶೇ. 5ರಿಂದ 18ಕ್ಕೆ ಏರಿಸಿದಿರಿ. ಟನ್‌ಗೆ ಸುಮಾರು 3,077 ರೂಪಾಯಿಗಿಂತ ಅಗ್ಗದ ಕಲ್ಲಿದ್ದಲಿಗೆ ಇದರಿಂದ ತೆರಿಗೆ ಇಳಿಯಿತು, ದುಬಾರಿಯದಕ್ಕೆ ಏರಿತು. ಯೂನಿಟ್‌ಗೆ ಹೆಚ್ಚು ತೂಕ ಸುಡಬೇಕಾದ, ಬೂದಿ ತುಂಬಿದ ಕೀಳು ದರ್ಜೆಯ ಕಲ್ಲಿದ್ದಲಿಗೆ ರಿಯಾಯಿತಿ ಸಿಕ್ಕಂತಾಯಿತು! ದೇಶೀಯ ಕಲ್ಲಿದ್ದಲಿಗೆ ಅನುಕೂಲ ಮಾಡಬೇಕೆಂಬ ಉದ್ದೇಶ ಅರ್ಥವಾಗುತ್ತದೆ; ಇಂಗಾಲದ ಲೆಕ್ಕ ಮಾತ್ರ ತಲೆಕೆಳಗಾಯಿತು. ತೂಕದ ಮೇಲಲ್ಲ, ಬೆಲೆಯ ಮೇಲೂ ಅಲ್ಲ, ಯೂನಿಟ್‌ಗೆ ಹೊರಬಿಡುವ ಇಂಗಾಲದ ಮೇಲೆ ಶುಲ್ಕ ಹಾಕಿ, ಅದನ್ನು ಸಿಎಫ್‌ಡಿ ನಿಧಿಗೆ ಮೀಸಲಿಡಿ. 2023ರ ಕಾರ್ಬನ್ ಕ್ರೆಡಿಟ್ ವ್ಯವಸ್ಥೆಯೊಳಕ್ಕೆ ಉಷ್ಣ ಸ್ಥಾವರಗಳನ್ನು ತರುವುದು ಇನ್ನೊಂದು ದಾರಿ. ಎರಡರಲ್ಲಿ ಒಂದಾದರೂ ಬೇಕು.

ನವೀಕರಿಸಬಹುದಾದ ವಿದ್ಯುತ್ ಬಳಕೆಯ ಕಡ್ಡಾಯ ಪಾಲು 2029–30ಕ್ಕೆ ಶೇ. 43.33 ಎಂದಿದೆ. ಲೆಕ್ಕ ವಾರ್ಷಿಕ, ಮಧ್ಯಾಹ್ನದ ಯೂನಿಟ್‌ಗಳನ್ನೇ ಗುಡ್ಡೆ ಹಾಕಿ ಪಾಸಾಗಬಹುದು. ಇದರಲ್ಲಿ ಒಂದು ಪಾಲನ್ನು ಸಂಜೆ ಆರರಿಂದ ರಾತ್ರಿ ಹತ್ತರ ಬಳಕೆಗೆ ಹೋಲಿಸಿ ಅಳೆಯಿರಿ. ಬ್ಯಾಟರಿ, ಪಂಪ್ಡ್ ಸ್ಟೋರೇಜ್ (ಅಗ್ಗದ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಮಾಡುವುದು), ಮಳೆಗಾಲದ ಗಾಳಿ ಎಲ್ಲಕ್ಕೂ ಆಗ ಗಿರಾಕಿ ಹುಟ್ಟುತ್ತಾರೆ. ಬ್ಯಾಟರಿ ಈಗ ಕೈಗೆಟಕದ ವಸ್ತುವಲ್ಲ. 2022ರ ಮೊದಲ ದೊಡ್ಡ ಟೆಂಡರ್‌ನಲ್ಲಿ ಎರಡು ಗಂಟೆ ಪೂರ್ತಿ ವಿದ್ಯುತ್ ಕೊಡಬಲ್ಲ ಬ್ಯಾಟರಿಗೆ ಮೆಗಾವಾಟ್‌ಗೆ ತಿಂಗಳಿಗೆ ಹತ್ತು ಲಕ್ಷದ ಮೇಲಿದ್ದ ಬಾಡಿಗೆ 2025ರ ಕೆಲವು ಟೆಂಡರ್‌ಗಳಲ್ಲಿ ಎರಡೂವರೆ ಲಕ್ಷಕ್ಕಿಂತ ಕೆಳಗೆ ಬಂತು. ಎರಡೂವರೆ ಲಕ್ಷವೆಂದೇ ಹಿಡಿಯಿರಿ: ದಿನಕ್ಕೊಂದು ಸಲ ತುಂಬಿ ಬರಿದು ಮಾಡಿದರೆ ತಿಂಗಳಿಗೆ 60 ಸಾವಿರ ಯೂನಿಟ್, ಯೂನಿಟ್‌ಗೆ ₹4.17. ತುಂಬಿಸಲು ₹2.50ರ ಸೌರ ವಿದ್ಯುತ್, ನೂರಕ್ಕೆ 85 ಮರಳುತ್ತದೆ ಎಂದರೆ ಇನ್ನೊಂದು ₹2.94. ಒಟ್ಟು ₹7.11, ಎಕ್ಸ್‌ಚೇಂಜ್‌ನ ಹತ್ತು ರೂಪಾಯಿಗಿಂತ ಕಡಿಮೆ. ಬೆಳಗಿನ ಪೀಕ್‌ಗೂ ಒಮ್ಮೆ ಬಳಸಿದರೆ ಬಾಡಿಗೆಯ ಪಾಲು ಅರ್ಧಕ್ಕಿಳಿಯುತ್ತದೆ. ಶರಾವತಿಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಸಿಂಗಳೀಕಗಳ ಅಭಯಾರಣ್ಯದ ನಡುವೆ ಬರುತ್ತದೆ. ಅದನ್ನು ಮುಂದೊತ್ತುವ ಮುನ್ನ ಸಬ್‌ಸ್ಟೇಷನ್ ಅಂಗಳದಲ್ಲಿ ಕೂರುವ ಬ್ಯಾಟರಿಯ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ ಎಂದು ರಾಜ್ಯ ಸರ್ಕಾರಕ್ಕೂ ಹೇಳುತ್ತೇವೆ.

2023ರ ಬರದಲ್ಲಿ ಜಲಾಶಯಗಳು ತುಂಬದೆ ಅಕ್ಟೋಬರ್‌ನಲ್ಲಿ ಕರ್ನಾಟಕ ವಿದ್ಯುತ್ ಕಾಯ್ದೆಯ ಸೆಕ್ಷನ್ 11ನ್ನು ಹೇರಿ, ರಾಜ್ಯದ ಉತ್ಪಾದಕರು ಹೊರಗೆ ಮಾರದಂತೆ ಮಾಡಿತು. ಪಂಜಾಬ್, ಉತ್ತರ ಪ್ರದೇಶಗಳಿಂದ ಕೈಗಡ ತಂದಿತು. ಕೊರತೆ ಬಂದಾಗ ಮಾರುಕಟ್ಟೆಯನ್ನು ಬದಿಗಿಟ್ಟು ಆದೇಶದಿಂದ ನಡೆಸಬೇಕಾದರೆ, ಕೊರತೆಗೆ ಮೊದಲೇ ಯಾರೂ ದುಡ್ಡು ಕಟ್ಟಿರಲಿಲ್ಲ ಎಂದರ್ಥ. ಮುಂದಿನ ಬೇಸಿಗೆಯ ಸಂಜೆಗೆ ಇಂತಿಷ್ಟು ಮೆಗಾವಾಟ್ ಸಿದ್ಧವಿಡುತ್ತೇನೆ ಎಂಬ ಭರವಸೆಯನ್ನೇ ವರ್ಷ ಮುಂಚೆ ಹರಾಜಿನಲ್ಲಿ ಕೊಳ್ಳುವ ವ್ಯವಸ್ಥೆ ಬೇಕು. ಅದರಲ್ಲಿ ಬ್ಯಾಟರಿಗೂ, ಬೇಡಿಕೆ ತಗ್ಗಿಸಬಲ್ಲ ಕಾರ್ಖಾನೆಗೂ ಸಮಾನ ಪ್ರವೇಶವಿರಲಿ. ವಾರಾಹಿ, ಶರಾವತಿಯ ನೀರಿಗೆ ಇಂಧನ ಖರ್ಚು ಸೊನ್ನೆ ಎಂದು, ಅಗ್ಗದ್ದನ್ನು ಮೊದಲು ಓಡಿಸುವ ಮೆರಿಟ್ ಪಟ್ಟಿಯಲ್ಲಿ ಬರೆಯುವುದನ್ನು ಬಿಟ್ಟು, ಮೇ ತಿಂಗಳ ರಾತ್ರಿ ಆ ನೀರು ಎಷ್ಟು ಬೆಲೆ ತರಬಲ್ಲದೋ ಅದನ್ನೇ ಅದರ ಖರ್ಚು ಎಂದು ಹಿಡಿಯಿರಿ.

ಕೆಇಆರ್‌ಸಿಗೆ ಪ್ರತ್ಯೇಕವಾಗಿ ಒಂದೆರಡು ಮಾತು. ಕೇಂದ್ರದ 2023ರ ತಿದ್ದುಪಡಿ ನಿಯಮಗಳು ಬಿಸಿಲಿನ ಗಂಟೆಗಳಲ್ಲಿ ದರವನ್ನು ಕನಿಷ್ಠ ಶೇ. 20 ಇಳಿಸಲು ಹೇಳುತ್ತವೆ. ದರ ಇಳಿಸಿದರೆ ಸಾಲದು. ಮಲ್ಪೆ, ಮಂಗಳೂರು ಬಂದರಿನ ಐಸ್ ಪ್ಲಾಂಟ್‌ಗಳನ್ನು ತೆಗೆದುಕೊಳ್ಳಿ. ಉಪ್ಪುನೀರಿನ ತೊಟ್ಟಿಯನ್ನು ಮಧ್ಯಾಹ್ನ ಎರಡು ಮೂರು ಡಿಗ್ರಿ ಹೆಚ್ಚು ತಣ್ಣಗೆ ಮಾಡಿಟ್ಟರೆ ಸಂಜೆ ಮೂರು ನಾಲ್ಕು ಗಂಟೆ ಅಮೋನಿಯಾ ಕಂಪ್ರೆಸರ್ ನಿಲ್ಲಿಸಬಹುದು. ನೀರು ಕಲಕುವ ಮೋಟಾರ್ ಓಡಿದರೆ ಸಾಕು. ಆದರೆ ಮಧ್ಯಾಹ್ನ ಹೆಚ್ಚುವರಿ ಕಂಪ್ರೆಸರ್ ಹಾಕಿದ ಕೂಡಲೇ ಕಾಂಟ್ರಾಕ್ಟ್ ಡಿಮ್ಯಾಂಡ್ (ಏಕಕಾಲಕ್ಕೆ ಇಷ್ಟೇ ಹೊರೆ ಎಂದು ಎಸ್ಕಾಂ ಜತೆ ಬರೆದುಕೊಂಡ ಮಿತಿ) ಮೀರಿ, ಮಿಗತೆ ಹೊರೆಯ ಪ್ರತಿ ಕೆವಿಎಗೆ ದಂಡದ ದರ ಬೀಳುತ್ತದೆ. ಯೂನಿಟ್‌ನಲ್ಲಿ ಉಳಿಸಿದ್ದು ಡಿಮ್ಯಾಂಡ್ ಶುಲ್ಕಕ್ಕೆ ಹೋಗುತ್ತದೆ. ಬಿಸಿಲಿನ ಗಂಟೆಗಳಲ್ಲಿ ಮೀರಿದ ಡಿಮ್ಯಾಂಡ್‌ಗೆ, ಫೀಡರ್ ತಾಳುವಷ್ಟರ ಮಟ್ಟಿಗೆ, ದಂಡ ಬೇಡ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಗೆ ಡಿಮ್ಯಾಂಡನ್ನು ತಗ್ಗಿಸಿಕೊಳ್ಳುವ ಅವಕಾಶವೂ ಇರಲಿ.

ಅಡಿಕೆ ತೋಟದ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ತ್ರೀಫೇಸ್ ಕೊಡಿ. ಹಾಗೆಂದು ಎಲ್ಲ ಫೀಡರ್‌ಗೂ ಒಂದೇ ಗಳಿಗೆಗೆ ಬೇಡ. ಬಹುತೇಕ ತೋಟಗಳಲ್ಲಿ ಆಟೋ ಸ್ಟಾರ್ಟರ್ ಇದೆ, ಕರೆಂಟ್ ಬಂದ ಕ್ಷಣ ನೂರಾರು ಮೋಟಾರ್ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ. ಫೀಡರ್‌ಗಳ ನಡುವೆ ಅರ್ಧ ಗಂಟೆ ಅಂತರವಿಟ್ಟರೆ ಖರ್ಚಿಲ್ಲದೆ ಮುಗಿಯುವ ಕೆಲಸ.

ಕೊನೆಯದಾಗಿ ಲೈನ್‌ಗಳ ವಿಷಯ. ಉಡುಪಿ–ಕಾಸರಗೋಡು 400 ಕೆವಿ ಲೈನ್‌ಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕೃಷಿಕರು ಏಕೆ ಅಡ್ಡ ನಿಂತರು ಎಂಬುದು ದೆಹಲಿಗೆ ತಿಳಿಯಬೇಕು. 2024ರ ಜೂನ್‌ನ ಮಾರ್ಗಸೂಚಿ ಗೋಪುರದ ಬುಡದ ಜಾಗಕ್ಕೆ ಭೂಮಿ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಎಂದಿದೆ. ಬಯಲುಸೀಮೆಯ ಹೊಲಕ್ಕೆ ಅದು ಸರಿ. ತಂತಿಯ ಕೆಳಗೂ ಉಳುಮೆ ನಡೆಯುತ್ತದೆ. ಇಲ್ಲಿ ತಂತಿಯ ಕೆಳಗೆ ಅಡಿಕೆ, ತೆಂಗು ಬೆಳೆಸುವಂತಿಲ್ಲ. ಆ ಪಟ್ಟಿಯ ತೋಟವೇ ಹೋಗುತ್ತದೆ. ತುಂಡು ತುಂಡು ಹಿಡುವಳಿಯಲ್ಲಿ ಕೆಲವರಿಗೆ ಇರುವ ತೋಟವೆಲ್ಲ ಆ ಪಟ್ಟಿಯಲ್ಲೇ. ಬಹುವಾರ್ಷಿಕ ತೋಟವಿದ್ದಲ್ಲಿ ಪಟ್ಟಿಯ ಪರಿಹಾರವನ್ನೂ ಗೋಪುರದ ಜಾಗದ ಮಟ್ಟಕ್ಕೆ ತನ್ನಿ, ಮರಗಳ ಇಳುವರಿಯ ನಷ್ಟವನ್ನು ಬೇರೆಯೇ ಲೆಕ್ಕ ಹಾಕಿ. ಇದರಿಂದ ಲೈನ್‌ನ ಒಟ್ಟು ಖರ್ಚು ಏರುವುದು ಹೌದು. ವರ್ಷಗಟ್ಟಲೆ ಕೆಲಸ ನಿಂತು ಬಡ್ಡಿ ಬೆಳೆಯುವುದಕ್ಕೆ ಅದನ್ನು ಹೋಲಿಸಿ ನೋಡಿ.

ಮೆಸ್ಕಾಂ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗೆ ಕೆಇಆರ್‌ಸಿ ಮುಂದಿನ ಸಲ ಮಂಗಳೂರಿಗೆ ಬಂದಾಗ, ಡಿಮ್ಯಾಂಡ್ ದಂಡ ಮತ್ತು ಪೀಕ್ ಗಂಟೆಯ ನಿಗದಿತ ಶುಲ್ಕದ ಬಗ್ಗೆ ಇಲ್ಲಿರುವ ಲೆಕ್ಕಗಳನ್ನು ಲಿಖಿತವಾಗಿ ಸಲ್ಲಿಸುತ್ತೇವೆ. ಉಳಿದವುಗಳಿಗೆ ಸಚಿವಾಲಯದ ಉತ್ತರ ನಿರೀಕ್ಷಿಸುತ್ತೇವೆ.

ಇಂತಿ,
ವಿದ್ಯುತ್ ಕ್ಷೇತ್ರದಲ್ಲಿ ದುಡಿದ ಕರಾವಳಿಯ ಕೆಲವು ಎಂಜಿನಿಯರ್‌ಗಳು ಮತ್ತು ಲೆಕ್ಕಪರಿಶೋಧಕರು
ಮಂಗಳೂರು – ಉಡುಪಿ